ದುರ್ನಾತಕ್ಕೂ ಇಲ್ಲಿ ಟಿಕೆಟ್ಟು

ಲಾಸ್ ಏಂಜಲೀಸ್ ನಗರದ ನಡುಭಾಗದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಪ್ಯಾಸಡೀನಾಕ್ಕೆ ಅಂಟಿಕೊಂಡು ಸ್ಯಾನ್ ಮರೀನೊ ಎಂಬ ಸಿರಿವಂತರ ಊರಿದೆ. ಅಲ್ಲಿನ ‘ಹಂಟಿಂಗ್ಟನ್’ ಸಂಸ್ಥೆಯಲ್ಲಿ ಗ್ರಂಥಾಲಯ, ಕಲಾ ಸಂಗ್ರಹಾಲಯ, ಸಸ್ಯೋದ್ಯಾನ ಮೂರೂ ಒಂದೇ ಕಾಂಪೌಂಡಿನೊಳಗಿವೆ. ಚರ್ಮದ ಹಾಳೆಯ ಮೇಲೆ ಅಚ್ಚಾದ ಗುಟೆನ್‌ಬರ್ಗ್ ಬೈಬಲ್ ಇದೆ. ಚಾಸರನ ‘ಕ್ಯಾಂಟರ್‌ಬರಿ ಕಥೆ’ಗಳ, 1400ರ ಆಸುಪಾಸಿನ ಚಿತ್ರಸಹಿತ ಹಸ್ತಪ್ರತಿ ಇದೆ. ಗೇನ್ಸ್‌ಬರೊ ಬರೆದ ‘ಬ್ಲೂ ಬಾಯ್’ ಎಂಬ ಚಿತ್ರ ಇದೆ. ಇಷ್ಟೆಲ್ಲ ಇದ್ದರೂ ಅಲ್ಲಿನ ಬೇಸಿಗೆಯಲ್ಲಿ ಜನ ಸಾಲುಗಟ್ಟಿ ನಿಲ್ಲುವುದು ಸತ್ತ ಇಲಿಯ ವಾಸನೆ ಸೂಸುವ ಒಂದು ಹೂವಿಗೆ. ನಾನು ಹೋದದ್ದೂ ಅದಕ್ಕೇ.

ಶವದ ಹೂ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಕಾಡು ಇದರ ತವರು. ಇಟಲಿಯ ಸಸ್ಯವಿಜ್ಞಾನಿ ಒಡೋರ್ಡೊ ಬೆಕ್ಕಾರಿ 1878ರಲ್ಲಿ ಇದನ್ನು ಹೊರಜಗತ್ತಿಗೆ ಪರಿಚಯಿಸಿದ. ಕಾಡಿನಾಚೆ ಇದು ಮೊದಲು ಅರಳಿದ್ದು 1889ರಲ್ಲಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ. ಹಂಟಿಂಗ್ಟನ್‌ನಲ್ಲಿ 1999ರ ಆಗಸ್ಟ್‌ನಲ್ಲಿ ಅರಳಿತು. ಇಡೀ ಕ್ಯಾಲಿಫೋರ್ನಿಯಾಕ್ಕೇ ಅದು ಮೊದಲು. ಗುಟೆನ್‌ಬರ್ಗನಿಗೂ ಸಿಗದ ಜನ ಒಂದು ಗಡ್ಡೆಗೆ ಸಿಕ್ಕಿದ್ದರು!

ಗಡ್ಡೆ ಎಂದದ್ದು ಸುಮ್ಮನೆ ಅಲ್ಲ. ಮಲೆನಾಡು, ಕರಾವಳಿಯ ಅಡುಗೆಮನೆಯಲ್ಲಿ ಹುಣಸೆಹುಳಿ ಹಾಕಿ ಬೇಯಿಸುವ ನಮ್ಮ ಸುವರ್ಣಗಡ್ಡೆಯೂ ಇದೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಲದವು, ದಾಯಾದಿಗಳು. ಮೊದಲ ಮಳೆ ಬಿದ್ದ ಮೇಲೆ ಸುವರ್ಣಗಡ್ಡೆಯೂ ಎಲೆಗಿಂತ ಮುಂಚೆ ನೆಲದಿಂದಲೇ ಕಂದುನೇರಳೆ ಬಣ್ಣದ ದಪ್ಪ ಹೂವೊಂದನ್ನು ಎಬ್ಬಿಸುತ್ತದೆ. ಹಿತ್ತಿಲಲ್ಲಿ ಏನೋ ಸತ್ತು ಬಿದ್ದಿದೆ ಎಂದು ಮನೆಮಂದಿ ಹುಡುಕಾಡುವುದುಂಟು. ಹುಡುಕಿ ಸಿಕ್ಕಿದ ಮೇಲೆ ಮಾಡುವ ಕೆಲಸ ಒಂದೇ, ಕತ್ತಿಯಿಂದ ಕೊಚ್ಚಿ ಬಿಸಾಡುವುದು. ಅದರ ದಾಯಾದಿಯನ್ನು ನೋಡಲು ಇಲ್ಲಿ ಹತ್ತಿರ ಹತ್ತಿರ 30 ಡಾಲರ್ ಕೊಟ್ಟು ಬಂದಿದ್ದರು ಜನ. ನಾನೂ ಕೊಟ್ಟಿದ್ದೆ.

ಸುಮಾತ್ರಾದ ಈ ಗಡ್ಡೆ 50 ಕಿಲೋ ತೂಗುವುದು ದೊಡ್ಡ ಮಾತಲ್ಲ. ವರ್ಷಕ್ಕೊಮ್ಮೆ ಮರದೆತ್ತರದ ಒಂದೇ ಒಂದು ಎಲೆ ಬಿಟ್ಟು, ಬಿಸಿಲು ಉಂಡು, ಒಣಗಿ ಮತ್ತೆ ಮಲಗುತ್ತದೆ. ಹೀಗೆ ಏಳೋ ಹತ್ತೋ ವರ್ಷ ಕೂಡಿಟ್ಟ ಮೇಲೆ ಒಂದು ಸಲ ಎಲೆಯ ಬದಲು ಮೊಗ್ಗು ಬರುತ್ತದೆ. ತೋಟದವರು ದಿನಾ ಅಳತೆಕೋಲು ಹಿಡಿದು ನಿಲ್ಲುವುದು ಆಗ. ಮೊಗ್ಗು ದಿನಕ್ಕೆ ಅಂಗುಲಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಬೆಳವಣಿಗೆ ನಿಧಾನವಾಯಿತೆಂದರೆ ಅರಳುವ ಹೊತ್ತು ಹತ್ತಿರವಾಯಿತೆಂದೇ ಅರ್ಥ. ಮಧ್ಯಾಹ್ನ ಇಳಿದ ಮೇಲೆ ಹೊರಗಿನ ನೆರಿಗೆ ಬಿಚ್ಚತೊಡಗುತ್ತದೆ. ಒಳಗಡೆ ಮಾಂಸದ ಕೆಂಪು. ನಡುವಿನ ಕಂಬ ಮನುಷ್ಯರ ಮೈಯಷ್ಟು ಬಿಸಿಯಾಗಿ, ಆ ಬಿಸಿಗೆ ವಾಸನೆ ಮೇಲೆದ್ದು ದೂರ ಹರಡುತ್ತದೆ. ಕೊಳೆತ ಮಾಂಸ ಹುಡುಕುವ ಜೀರುಂಡೆ, ನೊಣಗಳನ್ನು ಕರೆಯುವ ಉಪಾಯ ಇದು. ಕೊಳೆತ ಮಾಂಸದಿಂದ ಹೊರಡುವ ಗಂಧಕದ ಸಂಯುಕ್ತಗಳೇ ಇದರಲ್ಲೂ ಇವೆ.

ಹೂವು ಎಂದು ನಾವು ಕರೆಯುವುದು ನಿಜವಾಗಿ ಒಂದು ಹೂಗೊಂಚಲು. ಕಂಬದ ಬುಡದಲ್ಲಿ, ಕಣ್ಣಿಗೆ ಕಾಣದಂತೆ, ನೂರಾರು ಚಿಕ್ಕ ಹೂಗಳು ಎರಡು ಪಟ್ಟಿಗಳಲ್ಲಿ ಕೂತಿರುತ್ತವೆ. ಕೆಳಗಿನವು ಹೆಣ್ಣು, ಮೇಲಿನವು ಗಂಡು. ಮೊದಲ ರಾತ್ರಿ ಹೆಣ್ಣು ಹೂಗಳು ಸಿದ್ಧವಾಗುತ್ತವೆ. ಗಂಡು ಹೂಗಳು ಪರಾಗ ಉದುರಿಸುವ ಹೊತ್ತಿಗೆ ಹೆಣ್ಣಿನ ಗಳಿಗೆ ಮುಗಿದಿರುತ್ತದೆ. ತನ್ನ ಪರಾಗ ತನಗೇ ತಗುಲದಿರಲಿ ಎಂದು ಗಿಡ ಮಾಡಿಕೊಂಡ ಏರ್ಪಾಡು. ಹಾಗಾಗಿ ತೋಟದವರು ಹೊರಪದರದಲ್ಲಿ ಚೌಕಾಕಾರದ ಕಿಟಕಿ ಕತ್ತರಿಸಿ, ಬೇರೆ ಗಿಡದಿಂದ ಬಂದು ಫ್ರೀಜರಿನಲ್ಲಿ ಕಾದಿದ್ದ ಪರಾಗವನ್ನು ಕುಂಚದಿಂದ ಹಚ್ಚುತ್ತಾರೆ. ಉದ್ಯಾನಗಳು ಒಂದಕ್ಕೊಂದು ಪರಾಗ ಕಳಿಸಿಕೊಡುತ್ತವೆ. ಒಂದೂವರೆ ಎರಡು ದಿನದಲ್ಲಿ ಎಲ್ಲ ಮುಗಿದು ಕಂಬ ಕುಸಿಯುತ್ತದೆ.

ನಾನು ಹೋಗುವ ಹೊತ್ತಿಗೆ ಹೂ ಅರಳಿ ಒಂದು ರಾತ್ರಿ ಕಳೆದಿತ್ತು. ಗಾಜಿನಮನೆಯಲ್ಲಿ ನಿಂತು ಎಷ್ಟು ಮೂಗರಳಿಸಿದರೂ ಸಿಕ್ಕಿದ್ದು ಹಳಸಿದ ಎಲೆಕೋಸಿನಷ್ಟು ವಾಸನೆ. ಪಕ್ಕದಲ್ಲಿದ್ದ ಹುಡುಗ ಇಷ್ಟೇನಾ ಎಂದು ಅಮ್ಮನನ್ನು ಕೇಳಿದ. ಅಸಹ್ಯಪಡಲೆಂದೇ ದುಡ್ಡು ಕೊಟ್ಟು ಬಂದು, ಅಸಹ್ಯ ಆಗಲಿಲ್ಲವೆಂದು ಬೇಸರ ಮಾಡಿಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಂಸ್ಥೆಯ ಕಥೆಯೂ ಸ್ವಾರಸ್ಯದ್ದೇ. ಹೆನ್ರಿ ಹಂಟಿಂಗ್ಟನ್ ರೈಲ್ವೆ ಕುಳ. ಲಾಸ್ ಏಂಜಲೀಸ್ ಸುತ್ತ ಓಡುತ್ತಿದ್ದ ಕೆಂಪು ಟ್ರಾಮುಗಳ ಒಡೆಯ. ಹಳಿ ಹಾಕಿದಲ್ಲೆಲ್ಲ ಸೈಟು ಮಾರಿ ಬೆಳೆದವನು. 1903ರಲ್ಲಿ ಇಲ್ಲಿನ ಜಮೀನು ಕೊಂಡ. 1913ರಲ್ಲಿ ತನ್ನ ಚಿಕ್ಕಪ್ಪನ ವಿಧವೆ ಅರಬೆಲ್ಲಾಳನ್ನು ಮದುವೆಯಾದ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅರಬೆಲ್ಲಾಗೆ ಕಲೆಯ ಹುಚ್ಚು, ಈತನಿಗೆ ಪುಸ್ತಕದ್ದು. ಬಿಡಿ ಪುಸ್ತಕ ಕೊಳ್ಳುವ ತಾಳ್ಮೆ ಇರಲಿಲ್ಲವೇನೋ, ಇಡೀ ಗ್ರಂಥಾಲಯಗಳನ್ನೇ ಸಗಟಿನಲ್ಲಿ ಎತ್ತಿಕೊಂಡ. 1919ರಲ್ಲಿ ಎಲ್ಲವನ್ನೂ ಟ್ರಸ್ಟಿಗೆ ಬರೆದುಕೊಟ್ಟ. 1927ರಲ್ಲಿ ತೀರಿಕೊಂಡ. ಮರುವರ್ಷ ಬಾಗಿಲು ಸಾರ್ವಜನಿಕರಿಗೆ ತೆರೆಯಿತು.

ತೋಟ ಕಟ್ಟಿದವನು ಜರ್ಮನ್ ಮೂಲದ ವಿಲಿಯಂ ಹರ್ಟ್ರಿಚ್. ಅವನು 1907ರಲ್ಲಿ ಪಾಪಾಸುಕಳ್ಳಿ ತೋಟ ಮಾಡೋಣ ಎಂದಾಗ ಯಜಮಾನ ಒಪ್ಪಲಿಲ್ಲವಂತೆ. ರೈಲು ಹಳಿ ಹಾಕಿಸುವಾಗ ಕಳ್ಳಿಯ ಮುಳ್ಳು ಚುಚ್ಚಿಸಿಕೊಂಡ ನೆನಪು. ಹೇಗೋ ಒಪ್ಪಿಸಿ ಶುರುಮಾಡಿದ ಆ ತುಂಡು ಈಗ 10 ಎಕರೆಯಾಗಿದೆ, ಎರಡು ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳಿವೆ. ನನ್ನನ್ನು ಕೇಳಿದರೆ ಇಡೀ ಕಾಂಪೌಂಡಿನಲ್ಲಿ ಅದೇ ಶ್ರೇಷ್ಠ. ಚೀನೀ ತೋಟವನ್ನು ಸುಝೌ ಕುಶಲಕರ್ಮಿಗಳು ಬಂದು ಕಟ್ಟಿದ್ದಾರೆ. ಜಪಾನಿನಿಂದ 300 ವರ್ಷಕ್ಕೂ ಹಳೆಯ ಊರಗೌಡನ ಮನೆಯೊಂದನ್ನು ಬಿಚ್ಚಿ ತಂದು 2023ರಲ್ಲಿ ನಿಲ್ಲಿಸಿದ್ದಾರೆ. ಚೆಂದವೇ, ಆದರೆ ಫೋಟೊ ತೆಗೆಸಿಕೊಳ್ಳುವವರ ನೂಕುನುಗ್ಗಲು.

ಗ್ರಂಥಾಲಯದ ಬಹುಪಾಲು ನಮ್ಮಂಥವರ ಕಣ್ಣಿಗೆ ಬೀಳುವುದಿಲ್ಲ, ಓದುವ ಕೋಣೆ ಸಂಶೋಧಕರಿಗೆ ಮಾತ್ರ. ಹಾಗೆಂದು ಬೀಗ ಜಡಿದು ಕೂತವರಲ್ಲ ಇವರು. ಮೃತ ಸಮುದ್ರದ ಸುರುಳಿಗಳೆಂಬ ಪ್ರಾಚೀನ ಹಸ್ತಪ್ರತಿಗಳನ್ನು ಕೆಲವೇ ವಿದ್ವಾಂಸರು ದಶಕಗಳ ಕಾಲ ಹಿಡಿದಿಟ್ಟುಕೊಂಡಿದ್ದಾಗ, ತಮ್ಮಲ್ಲಿದ್ದ ಅವುಗಳ ಛಾಯಾಚಿತ್ರಗಳನ್ನು 1991ರಲ್ಲಿ ಎಲ್ಲ ವಿದ್ವಾಂಸರಿಗೂ ತೆರೆದಿಟ್ಟದ್ದು ಇದೇ ಗ್ರಂಥಾಲಯ. ಪ್ಯಾಸಡೀನಾದಲ್ಲಿ ಮನೆಗೆಲಸ ಮಾಡುತ್ತಿದ್ದ ತಾಯಿಯ ಮಗಳು, ವಿಜ್ಞಾನ ಕಾದಂಬರಿಗಾರ್ತಿ ಆಕ್ಟೇವಿಯಾ ಬಟ್ಲರ್ ಅವರ ಕಾಗದಪತ್ರಗಳು ಇಲ್ಲಿವೆ. ರಾಮಕೃಷ್ಣ ಪರಮಹಂಸರ ಬಗ್ಗೆ ಬರೆದ ಇಂಗ್ಲಿಷ್ ಲೇಖಕ ಕ್ರಿಸ್ಟಫರ್ ಇಷರ್‌ವುಡ್ ಅವರವೂ ಇವೆ.

ಶವದ ಹೂ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಸುಮಾತ್ರಾದ ಕಾಡು ಕರಗುತ್ತಿದೆ. ಉದ್ಯಾನಗಳಲ್ಲಿರುವ ಗಿಡಗಳಲ್ಲಿ ಅನೇಕ ಹತ್ತಿರದ ಸಂಬಂಧಿಗಳೇ. ಯಾವ ಗಿಡದ ತಾಯಿ ಯಾವುದು, ಪರಾಗ ಎಲ್ಲಿಂದ ಬಂತು ಎಂದು ಬರೆದಿಡದಿದ್ದರೆ ಸಂತಾನ ಸೊರಗುತ್ತದೆ. ವಂಶಾವಳಿಯ ಈ ಕಡತ ಕಳೆದುಹೋದರೆ ಗಾಜಿನಮನೆ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಪಶ್ಚಿಮಘಟ್ಟದಲ್ಲೂ ಈ ಕುಲದ ಕಾಡುಗಡ್ಡೆಗಳಿವೆ. ಅವುಗಳ ಲೆಕ್ಕ ಬರೆಯಲು, ಹೂ ಬಿಟ್ಟಾಗ ಮಕ್ಕಳನ್ನು ಕರೆದು ತೋರಿಸಲು 30 ಡಾಲರಿನ ಟಿಕೆಟ್ಟೂ ಬೇಡ, ಗಾಜಿನಮನೆಯೂ ಬೇಡ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಹೋಗುವುದು ಅಲ್ಲಿನ ಬೇಸಿಗೆಯಲ್ಲೇ. ಹೂ ಅರಳುವುದೂ ಬಹುಮಟ್ಟಿಗೆ ಆಗಲೇ. ಲಾಸ್ ಏಂಜಲೀಸ್ ಕಡೆ ಮಗನೋ ಮಗಳೋ ಇದ್ದರೆ ಯೂನಿವರ್ಸಲ್ ಸ್ಟುಡಿಯೊ, ಲಾಸ್ ವೇಗಸ್ ಎಂದು ಕಾರು ಹತ್ತಿಸುವ ಮೊದಲು ಇಲ್ಲಿಗೊಂದು ದಿನ ಕೇಳಿ ಇಟ್ಟುಕೊಳ್ಳಿ. ಫೆಬ್ರುವರಿ ಹೊತ್ತಿಗೆ ಹೋದರೆ ಕ್ಯಾಮೆಲಿಯಾ ಹೂಗಳು, ಚೀನೀ ಹೊಸವರ್ಷದ ಸಂಭ್ರಮ. ತಿಂಗಳ ಮೊದಲ ಗುರುವಾರ ಪ್ರವೇಶ ಉಚಿತ, ಆದರೆ ಅದರ ಟಿಕೆಟ್ಟನ್ನು ಹಿಂದಿನ ತಿಂಗಳ ಕೊನೆಯ ಗುರುವಾರವೇ ಆನ್‌ಲೈನಿನಲ್ಲಿ ಹಿಡಿಯಬೇಕು, ಬೇಗ ಖಾಲಿಯಾಗುತ್ತದೆ. ಮಂಗಳವಾರ ರಜೆ.