ಮನೆಯಲ್ಲೇ ಮಾಡಿ ಉಳಿಸಿ, ಹಾಲಿನ ಕ್ಯಾನಿನ ಹತ್ತಿರ ಮಾತ್ರ ಉಳಿಸಬೇಡಿ



ಹಾಲಿನ ಬಟವಾಡೆ ಕೈಗೆ ಬಂದ ದಿನ ಮೊದಲು ದುಡ್ಡು ಹೋಗುವುದು ಪಶು ಆಹಾರದ ಮೂಟೆಗೆ. ಆಮೇಲೆ ಸಂಘದ ಸಾಲದ ಕಂತು, ಮಕ್ಕಳ ಫೀಸು, ಅಂಗಡಿಯ ಬಾಕಿ. ಈ ಸಲ ಅಂಗಡಿಯ ಚೀಟಿಯನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಅಕ್ಕಿ, ಬೇಳೆ, ಎಣ್ಣೆ ಬಿಟ್ಟರೆ ಉಳಿದ ಸಾಲುಗಳು ಯಾವುವು? ಪಾತ್ರೆ ಸೋಪು, ಬಟ್ಟೆ ಸೋಪು, ಸೋಪಿನ ಪುಡಿ, ಶಾಂಪೂ ಪೊಟ್ಟಣ, ಫಿನಾಯಿಲ್, ಸೊಳ್ಳೆಬತ್ತಿ, ಪಾತ್ರೆ ಉಜ್ಜುವ ನಾರು. ಒಂದೊಂದೂ ಐದೋ ಹತ್ತೋ ರೂಪಾಯಿಯದು, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಸೇರಿ ತಿಂಗಳಿಗೆ 400 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಅರ್ಧ ಉಳಿದರೂ ವರ್ಷಕ್ಕೆ 2,400 ರೂಪಾಯಿ. ಆ ದುಡ್ಡಿಗೆ ಎಷ್ಟು ಪಶು ಆಹಾರ ಬರುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಈ ಸಾಮಾನುಗಳಲ್ಲಿ ಹಲವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಅದನ್ನೇ. ಆದರೆ ಹೈನುಗಾರಿಕೆ ಮಾಡುವ ಮನೆಯಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಅಡುಗೆಮನೆ, ಬಚ್ಚಲು, ಹಿತ್ತಲು, ಕೊಟ್ಟಿಗೆಯ ಗೋಡೆಯವರೆಗೆ ಮನೆಯ ತಯಾರಿ ಧಾರಾಳವಾಗಿ ನಡೆಯುತ್ತದೆ. ಕೆಚ್ಚಲು, ಹಾಲು ಕರೆಯುವ ಪಾತ್ರೆ, ಸಂಘಕ್ಕೆ ಒಯ್ಯುವ ಕ್ಯಾನು ಈ ಮೂರರ ಹತ್ತಿರ ನಡೆಯುವುದಿಲ್ಲ. ಅಲ್ಲಿ ಹತ್ತು ರೂಪಾಯಿ ಉಳಿಸಲು ಹೋದರೆ ಒಂದು ಹೊತ್ತಿನ ಹಾಲೇ ಹೋದೀತು.

ಅಂಟುವಾಳದ ನೀರು

ಅಂಟುವಾಳಕಾಯಿಗೆ ಕೆಲವು ಕಡೆ ನೊರೆಕಾಯಿ ಎನ್ನುತ್ತಾರೆ. ಇದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಅಂಶ ನೀರಿನಲ್ಲಿ ನೊರೆ ಬಿಟ್ಟು ಜಿಡ್ಡನ್ನು ಬಿಡಿಸುತ್ತದೆ.

ಮಾಡುವ ಬಗೆ: 10ರಿಂದ 12 ಒಣ ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಒಲೆ ಆರುವ ಮುಂಚೆ ಅದೇ ಬೆಂಕಿಯಲ್ಲಿ 15 ನಿಮಿಷ ಕುದಿಸಿ, ಆರಿದ ಮೇಲೆ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿ. ರೇಷ್ಮೆ ಸೀರೆ, ಉಣ್ಣೆಯ ಬಟ್ಟೆ, ಬೆಳ್ಳಿ ಬಂಗಾರದ ಒಡವೆಗೆ ಇದು ಬಹಳ ಒಳ್ಳೆಯದು. ದಿನದ ಬಟ್ಟೆಗೂ, ಊಟದ ಪಾತ್ರೆಗೂ ಆಗುತ್ತದೆ. ಸೋಪಿನಷ್ಟು ನೊರೆ ಬರುವುದಿಲ್ಲ. ನೊರೆ ಕಡಿಮೆ ಬಂತೆಂದು ಕೊಳೆ ಹೋಗಿಲ್ಲ ಎಂದುಕೊಳ್ಳಬೇಡಿ. ಕೊಟ್ಟಿಗೆ ಕೆಲಸದ ಬಟ್ಟೆಯ ಸಗಣಿ ಕಲೆಗೆ ಮಾತ್ರ ಇದು ಸಾಲದು, ಅದಕ್ಕೆ ಸೋಪೇ ಬೇಕು.

ಈ ನೀರು ಮೂರು ನಾಲ್ಕು ದಿನಕ್ಕೆ ಹುಳಿದು ವಾಸನೆ ಬರುತ್ತದೆ. ಆದ್ದರಿಂದ ಬೇಕಾದಷ್ಟನ್ನೇ ಮಾಡಿ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಹೊಟ್ಟೆಗೂ ಹೋಗಬಾರದು. ಮಕ್ಕಳು ಕೂಲ್ ಡ್ರಿಂಕ್ಸ್ ಎಂದು ಎತ್ತಿ ಕುಡಿಯುವಂಥ ಬಾಟಲಿಯಲ್ಲಿ ತುಂಬಿಡಬೇಡಿ. ಉಳಿದ ನೀರನ್ನು ಮೀನಿರುವ ಕೆರೆ, ಹೊಂಡ, ಬಾವಿಗೆ ಸುರಿಯಬೇಡಿ; ಸಪೋನಿನ್ ಮೀನಿಗೆ ವಿಷ.

ಇನ್ನೊಂದು ಮಾತು ನಮ್ಮ ಮನೆಗಳಿಗೆ ಮುಖ್ಯ. ಅಂಟುವಾಳದ ನೀರಾಗಲಿ, ಸೋಪಿನ ನೀರಾಗಲಿ ಕಲಗಚ್ಚಿನ ಬಾನಿಗೆ ಸೇರಬಾರದು. ಎಂಜಲು ತೆಗೆದು, ಬರಿ ನೀರಿನಲ್ಲಿ ಪಾತ್ರೆ ಜಾಲಿಸಿದ ಮೊದಲ ನೀರನ್ನಷ್ಟೇ ಕಲಗಚ್ಚಿಗೆ ಹಾಕಿ. ಉಜ್ಜಿದ ಮೇಲಿನ ನೀರು ಬಚ್ಚಲಿಗೆ ಹೋಗಲಿ.

ಸೀಗೆಪುಡಿ

ಶಾಂಪೂ ಪೊಟ್ಟಣದ ಖರ್ಚು ಹೆಣ್ಣುಮಕ್ಕಳಿರುವ ಮನೆಯಲ್ಲಿ ಸಣ್ಣದೇನಲ್ಲ. ಒಂದು ಕೆಜಿ ಬೀಜ ತೆಗೆದ ಸೀಗೆಕಾಯಿ, ಕಾಲು ಕೆಜಿ ಹೆಸರುಕಾಳು, 100 ಗ್ರಾಂ ಮೆಂತ್ಯ, ಎರಡು ಹಿಡಿ ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ. ಸೀಗೆಕಾಯಿ, ಕಾಳು, ಮೆಂತ್ಯವನ್ನು ಎರಡು ದಿನ ಬಿಸಿಲಿಗೆ ಹಾಕಿ ಗರಿಗರಿಯಾದ ಮೇಲೆ ಎಲ್ಲ ಸೇರಿಸಿ ಗಿರಣಿಯಲ್ಲಿ ಬೀಸಿಸಿ. ಒಣಗಿದ ಡಬ್ಬದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ರಾಗಿ ಬೀಸುವ ಕಲ್ಲಿಗೆ ಸೀಗೆ ಹಾಕಲು ಗಿರಣಿಯವರು ಒಪ್ಪುವುದಿಲ್ಲ, ಅದು ನ್ಯಾಯವೇ. ಸಂಘದ ನಾಲ್ಕೈದು ಜನ ಸೇರಿ ಒಟ್ಟಿಗೆ ಕಾಯಿ ಕೊಂಡು, ಸೀಗೆ ಬೀಸುವ ಗಿರಣಿಗೆ ಒಂದೇ ಸಲ ಒಯ್ದರೆ ಕಾಯಿಯ ಬೆಲೆಯೂ ಇಳಿಯುತ್ತದೆ, ಓಡಾಟವೂ ಉಳಿಯುತ್ತದೆ. ಸೀಗೆ ಮುಳ್ಳಿನ ಬಳ್ಳಿ. ಜಾಗ ಇದ್ದವರು ಹೊಲದ ಬೇಲಿಗೆ ಹಬ್ಬಿಸಿದರೆ ಬೇಲಿಗೆ ಬೇಲಿ, ಕಾಯಿಗೆ ಕಾಯಿ.

ಬೂದಿ, ಹುಣಸೆ, ನಾರು

ಸೌದೆ ಒಲೆಯ ಬೂದಿ ಕ್ಷಾರ. ಎಣ್ಣೆ ಜಿಡ್ಡಿನ ಜೊತೆ ಸೇರಿದಾಗ ಅದು ಸೋಪಿನಂತೆಯೇ ಕೆಲಸ ಮಾಡುತ್ತದೆ. ಜರಡಿ ಹಿಡಿದ ನುಣುಪು ಬೂದಿಯಿಂದ ಕಬ್ಬಿಣದ ಬಾಣಲೆ, ಹೆಂಚು, ಮಸಿ ಹಿಡಿದ ಸ್ಟೀಲಿನ ಪಾತ್ರೆಯ ತಳ ಉಜ್ಜಿ. ಅಲ್ಯೂಮಿನಿಯಂ ಪಾತ್ರೆಗೆ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಪ್ಲಾಸ್ಟಿಕ್ಕೋ ಬಣ್ಣ ಬಳಿದ ಮರವೋ ಸುಟ್ಟ ಬೂದಿಯನ್ನು ಪಾತ್ರೆಗೆ ಮುಟ್ಟಿಸಲೇಬೇಡಿ.

ಹಿತ್ತಾಳೆ, ತಾಮ್ರಕ್ಕೆ ಬೂದಿಗಿಂತ ಹುಳಿ ಮೇಲು. ಸಾರಿಗೆ ಹಿಂಡಿದ ಮೇಲೆ ಉಳಿಯುವ ಹುಣಸೆಯ ಗಷ್ಟು, ಹಿಂಡಿದ ನಿಂಬೆ ಸಿಪ್ಪೆಗೆ ಚಿಟಿಕೆ ಉಪ್ಪು, ತೀರಾ ಹುಳಿಯಾದ ಮಜ್ಜಿಗೆ ಇವುಗಳಲ್ಲಿ ಯಾವುದಾದರೂ ಸಾಕು. ಹುಳಿ ಕಿಲುಬನ್ನು ಕರಗಿಸುತ್ತದೆ. ಉಜ್ಜಿದ ಕೂಡಲೇ ತೊಳೆದು ಒರೆಸಿಡಿ.

ಉಜ್ಜುವ ನಾರಿಗೆ ತೆಂಗಿನ ನಾರು ಇದ್ದೇ ಇದೆ. ತುಪ್ಪದ ಹೀರೆಯ ಎರಡು ಬೀಜ ಬೇಲಿಗೆ ಹಾಕಿ, ನಾಲ್ಕು ಕಾಯಿ ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಮೈ ಉಜ್ಜಲೂ ಪಾತ್ರೆ ಉಜ್ಜಲೂ ನಾರು ಸಿಗುತ್ತದೆ.

ಕೊಟ್ಟಿಗೆಗೆ ಸುಣ್ಣ

ಕೊಟ್ಟಿಗೆಯ ಗೋಡೆಗೆ ಸುಣ್ಣ ಬಳಿಯುವುದು ಅಂದಕ್ಕಷ್ಟೇ ಅಲ್ಲ. ಸುಣ್ಣದ ಕ್ಷಾರ ಗೋಡೆಯ ಮೇಲಿನ ರೋಗಾಣುಗಳನ್ನು ಕೊಲ್ಲುತ್ತದೆ. ನೀರಿನ ತೊಟ್ಟಿಯನ್ನು ಖಾಲಿ ಮಾಡಿ, ಪಾಚಿ ತಿಕ್ಕಿ ತೆಗೆದು, ಒಳಗೋಡೆಗೆ ಸುಣ್ಣ ಬಳಿದು ಒಣಗಿಸಿದರೆ ಪಾಚಿ ಬೇಗ ಕಟ್ಟುವುದಿಲ್ಲ. ನೀರು ತಿಳಿಯಾಗಿದ್ದರೆ ಹಸು ಹೊಟ್ಟೆ ತುಂಬ ಕುಡಿಯುತ್ತದೆ; ನೀರು ಕುಡಿದಷ್ಟೇ ಹಾಲು.

ಸುಣ್ಣದ ಕಲ್ಲನ್ನು ಅರಳಿಸುವಾಗ ಎಚ್ಚರ. ನೀರು ಬಿದ್ದ ಕೂಡಲೇ ಕುದಿಯುತ್ತದೆ, ಸಿಡಿಯುತ್ತದೆ. ದೊಡ್ಡ ಬಾನಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಮುಖ ದೂರವಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಹಾರಿದರೆ ತಡಮಾಡದೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಆಸ್ಪತ್ರೆಗೆ ಹೋಗಿ.

ನೊಣ, ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ನಮ್ಮಲ್ಲಿ ರೂಢಿ. ಸಂಜೆ ತೆರೆದ ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಹಾಕಬಹುದು. ಮುಚ್ಚಿದ ಮನೆಯೊಳಗೆ, ಮಗು ಮಲಗಿರುವ ಕೋಣೆಯಲ್ಲಿ ಬೇಡ. ಯಾವ ಸೊಪ್ಪಿನದಾದರೂ ಹೊಗೆ ಹೊಗೆಯೇ. ಖರ್ಚಿಲ್ಲದ ಮದ್ದು ಬೇರೆ ಇದೆ: ನೊಣ ಮೊಟ್ಟೆಯಿಡುವುದು ಸಗಣಿಯಲ್ಲಿ, ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಸಗಣಿಯನ್ನು ದಿನವೂ ಗುಂಡಿಗೆ ಸಾಗಿಸಿ, ಗಂಜಲ ನಿಲ್ಲದಂತೆ ಕಾಲುವೆ ಸರಿಮಾಡಿ, ವಾರಕ್ಕೊಮ್ಮೆ ತೊಟ್ಟಿ ಒಣಗಿಸಿ.

ಈ ಮೂರು ಕಡೆ ಉಳಿತಾಯ ಬೇಡ

ಮೊದಲನೆಯದು ಕ್ಯಾನು ಮತ್ತು ಹಾಲಿನ ಪಾತ್ರೆ. ಬೂದಿಯಿಂದ ಉಜ್ಜಿದರೆ ಕಂಠದ ಸಂದಿಯಲ್ಲಿ, ಮುಚ್ಚಳದ ರಬ್ಬರಿನಡಿ ಕಣ ಉಳಿಯುತ್ತದೆ, ಗೀರು ಬೀಳುತ್ತದೆ. ಗೀರಿನಲ್ಲಿ ಹಾಲಿನ ಪಸೆ ನಿಂತು ಸೂಕ್ಷ್ಮಾಣುಗಳಿಗೆ ಮನೆಯಾಗುತ್ತದೆ. ಬೆಚ್ಚಗಿನ ಹಾಲಿನಲ್ಲಿ ಅವು ಅರ್ಧ ಗಂಟೆಗೆ ಎರಡರಷ್ಟಾಗಬಲ್ಲವು. ಬೆಳಿಗ್ಗೆ ಆರಕ್ಕೆ ಒಂದು ಇದ್ದದ್ದು ಹತ್ತು ಗಂಟೆಗೆ 256. ಜೊತೆಗೆ ಬೂದಿಯೂ ಸೋಡಾವೂ ಕ್ಷಾರ. ಹುಳಿ ಮುಚ್ಚಿಡಲು ಹಾಲಿಗೆ ಸೋಡಾ ಬೆರೆಸಿದ್ದಾರೆಯೇ ಎಂದು ತಿಳಿಯುವ ಪರೀಕ್ಷೆ ಹುಡುಕುವುದು ಕ್ಷಾರವನ್ನೇ. ನೀವು ಬೆರೆಸಿರುವುದಿಲ್ಲ, ತೊಳೆಯದೆ ಉಳಿದಿರುತ್ತದೆ ಅಷ್ಟೆ. ಆದರೂ ಅನುಮಾನ ಬರುವುದು ನಿಮ್ಮ ಹೆಸರಿನ ಮೇಲೆ. ಬಿಎಂಸಿಯಲ್ಲಿ ನಿಮ್ಮ ಹಾಲು ಊರಿನ ಎಲ್ಲರ ಹಾಲಿನ ಜೊತೆ ಸೇರುತ್ತದೆ ಎಂಬುದನ್ನೂ ಮರೆಯಬಾರದು.

ತೊಳೆಯುವ ಕ್ರಮ ಹೀಗಿರಲಿ:

1. ಸಂಘದಿಂದ ಬಂದ ತಕ್ಷಣ ತಣ್ಣೀರಿನಲ್ಲಿ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಪಸೆ ಬೆಂದು ಅಂಟಿಕೊಳ್ಳುತ್ತದೆ.
2. ಹಾಲಿನ ಪಾತ್ರೆಗೆಂದೇ ಇರುವ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಬಿಸಿನೀರಿನಲ್ಲಿ ಕರಗಿಸಿ, ಬ್ರಷ್ಷಿನಿಂದ ಒಳಗೆ, ಕಂಠ, ಮುಚ್ಚಳ ತಿಕ್ಕಿ.
3. ಜಾರುವುದು ಪೂರ್ತಿ ಹೋಗುವವರೆಗೆ ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ.
4. ಕೊನೆಗೆ ಕುದಿಯುವ ನೀರು ಹಾಕಿ ಚೆಲ್ಲಿ.
5. ಬಟ್ಟೆಯಲ್ಲಿ ಒರೆಸದೆ, ನೆಲ ತಾಗದ ಹಾಗೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಿ.

ಹಾಲು ಸೋಸುವ ಬಟ್ಟೆಗೂ ಇದೇ ಮಾತು. ಹಳೆ ಸೀರೆಯ ತುಂಡು ನೆಲ ಒರೆಸಲು ಇರಲಿ. ಸೋಸಲು ಬಿಳಿ ಬಟ್ಟೆ ಬೇರೆಯೇ ಇಟ್ಟು, ದಿನವೂ ತೊಳೆದು ಬಿಸಿಲಿಗೆ ಹಾಕಿ.

ಎರಡನೆಯದು ಕೆಚ್ಚಲು. ಕರೆದಾದ ಮೇಲೆ ಮೊಲೆತೊಟ್ಟಿನ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ತೊಟ್ಟನ್ನು ಅದ್ದುವ ಅಯೋಡಿನ್ ದ್ರಾವಣಕ್ಕೆ ಬದಲಾಗಿ ಅರಿಸಿನದ ನೀರು, ಬೇವಿನ ಕಷಾಯ ಎಂದು ಪ್ರಯೋಗ ಬೇಡ. ಕೆಚ್ಚಲು ಬಾವು ಬಂದರೆ ಡಾಕ್ಟರು, ಔಷಧಿ, ಔಷಧಿಯ ದಿನಗಳಲ್ಲಿ ಸಂಘಕ್ಕೆ ಹಾಕುವಂತಿಲ್ಲದ ಹಾಲು, ಕೆಲವೊಮ್ಮೆ ಶಾಶ್ವತವಾಗಿ ಬತ್ತಿದ ಮೊಲೆ. ಖರ್ಚಿಲ್ಲದ ರಕ್ಷಣೆ ಒಂದಿದೆ: ಕರೆದ ಕೂಡಲೇ ಹಸುವಿನ ಮುಂದೆ ಮೇವು ಹಾಕಿ. ಅದು ನಿಂತು ಮೇಯುವಷ್ಟರಲ್ಲಿ ತೂತು ಮುಚ್ಚಿಕೊಳ್ಳುತ್ತದೆ.

ಮೂರನೆಯದು ಹಾಲು ಕರೆಯುವ ಹೊತ್ತು. ಫಿನಾಯಿಲ್ ಮನೆಯಲ್ಲಿ ಕಲಸಿದ್ದಾದರೂ ಅಂಗಡಿಯದಾದರೂ ಕರೆಯುವ ಮುಂಚೆ ಕೊಟ್ಟಿಗೆಗೆ ಹಾಕಬೇಡಿ. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಕರೆದು, ಹಾಲು ಆಚೆ ಹೋದ ಮೇಲೆ ಹಾಕಿ.

ಬೆರೆಸಬಾರದ್ದು

ಬ್ಲೀಚಿಂಗ್ ಪೌಡರಿಗೆ ನಿಂಬೆರಸ, ಹುಣಸೆನೀರು, ಶೌಚಾಲಯದ ಆಸಿಡ್ ಯಾವುದೂ ಸೇರಬಾರದು. ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಗಂಜಲ ನಿಂತ ನೆಲದ ಮೇಲೂ ನೇರವಾಗಿ ಉದುರಿಸಬೇಡಿ, ಅಲ್ಲೂ ಉಸಿರು ಕಟ್ಟುವ ಗಾಳಿ ಹುಟ್ಟುತ್ತದೆ. ಮೊದಲು ಗಂಜಲವನ್ನು ನೀರಿನಿಂದ ತೊಳೆದು, ಆಮೇಲೆ ಪೌಡರು. ಕಾಸ್ಟಿಕ್ ಸೋಡಾದಿಂದ ಸೋಪು ಮಾಡುವುದನ್ನು ತರಬೇತಿ ಇಲ್ಲದೆ, ಕೈಗವಸು ಇಲ್ಲದೆ ಅಡುಗೆಮನೆಯಲ್ಲಿ ಶುರುಮಾಡಬೇಡಿ.

ಲೆಕ್ಕ ಬರೆದಿಡಿ

ಮನೆಯಲ್ಲಿ ಮಾಡಿದ್ದೆಲ್ಲ ಅಗ್ಗ ಎಂದೇನಿಲ್ಲ. ಕಾಯಿಯನ್ನು ಪೇಟೆಯಲ್ಲಿ ದುಬಾರಿ ಬೆಲೆಗೆ ಕೊಂಡು, ಬೇರೆಯಾಗಿ ಸೌದೆ ಸುಟ್ಟು, ಅರ್ಧ ದಿನ ಕಳೆದರೆ ಉಳಿದದ್ದೇನು? ನಸುಕಿನಲ್ಲೇ ಏಳುವ ನಿಮ್ಮ ಹೊತ್ತಿಗೂ ಬೆಲೆ ಇದೆ. ಹಿತ್ತಲಲ್ಲಿ ಸಿಗುವುದು, ಹೇಗೂ ಉರಿಯುತ್ತಿರುವ ಒಲೆಯಲ್ಲಿ ಆಗುವುದು, ನಾಲ್ಕು ಜನ ಸೇರಿ ಮಾಡಬಹುದಾದದ್ದು, ಇವನ್ನು ಮೊದಲು ಆರಿಸಿಕೊಳ್ಳಿ.

ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ತೆಗೆದು ಎರಡು ಬಟವಾಡೆಗಳ ಅವಧಿಯಲ್ಲಿ ಸೋಪು, ಶಾಂಪೂ, ಫಿನಾಯಿಲ್‌ಗೆ ಹೋದದ್ದನ್ನು ಬರೆಯಿರಿ. ಮುಂದಿನ ಎರಡು ಬಟವಾಡೆಗೂ ಬರೆಯಿರಿ. ವ್ಯತ್ಯಾಸದ ಹಣವನ್ನು ಅಂಗಡಿಗೆ ಬಿಡದೆ ನಿಮ್ಮ ಹೆಸರಿನ ಖಾತೆಯಲ್ಲೇ ಉಳಿಸಿ. ಅದರಲ್ಲಿ ಮೊದಲು ಕೊಳ್ಳಬೇಕಾದದ್ದು ಕ್ಯಾನಿಗೆ ಒಂದು ಒಳ್ಳೆಯ ಬ್ರಷ್ಷು, ಕೆಚ್ಚಲಿಗೆ ಅಯೋಡಿನ್ ದ್ರಾವಣದ ಒಂದು ಬಾಟಲಿ.