ವ್ಯಾಧಿಕ್ಷಮತ್ವಶಾಸ್ತ್ರವೂ ನಮ್ಮ ಮಕ್ಕಳ ಜೀವನೋಪಾಯವೂ

ನಮ್ಮ ಕಡೆಯ ಮನೆಗಳಲ್ಲಿ ಒಂದು ಮಗು ಶಾಲೆಯಲ್ಲಿ ತುಸು ಚುರುಕಾಗಿದೆಯೆಂದು ಕಂಡೊಡನೆ ಹಿರಿಯರು ಅದರ ಮುಂದೆ ಎರಡೇ ದಾರಿಗಳನ್ನು ಇಡುವರು. ಒಂದು ಡಾಕ್ಟರಿಕೆ, ಇನ್ನೊಂದು ಇಂಜಿನಿಯರಿಕೆ. ಜೀವಶಾಸ್ತ್ರದಲ್ಲಿ ಒಲವುಳ್ಳ ಮಗು ನೀಟ್ ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕಗಳನ್ನು ಪಡೆಯದಿದ್ದರೆ ಮನೆಯಲ್ಲಿ ಸೂತಕದ ಮೌನವು ಆವರಿಸುವದು. ಹೊಲ ಮಾರಿಯಾದರೂ ಖಾಸಗಿ ಕಾಲೇಜಿಗೆ ಹಾಕಬೇಕೆಂದು ಕೆಲವರು, ಓದು ಸಾಕೆಂದು ಕೆಲವರು ನಿಶ್ಚಯಿಸುವರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನಾನು ಇಂಥ ಮನೆಗಳನ್ನು ಬಹಳ ಕಂಡಿದ್ದೇನೆ. ಆ ಎರಡು ದಾರಿಗಳ ನಡುವೆ ಮೂರನೆಯದೊಂದು ಉಂಟು. ಅದು ನಮ್ಮ ಭೀಮಾತೀರದ ಮಣ್ಣೂರಿನಂಥ ಹಳ್ಳಿಯಿಂದಲೂ ಹೊರಡಬಹುದಾದ ದಾರಿ ಎಂಬುದನ್ನು ಗೃಹಸ್ಥರಾದ ವಾಚಕರಿಗೆ ತಿಳಿಸುವದೇ ಈ ಲೇಖನದ ಉದ್ದೇಶ. ಆ ದಾರಿಯ ಹೆಸರು ಇಮ್ಯುನಾಲಜಿ, ಎಂದರೆ ರೋಗವನ್ನು ತಡೆಯುವ ದೇಹಶಕ್ತಿಯ ಶಾಸ್ತ್ರ.

ಮೊದಲು ಆ ಹೆಸರಿನ ಅರ್ಥವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಇಮ್ಯೂನಿಸ್’ ಎಂದರೆ ಕರಭಾರವಿಲ್ಲದವನು, ರಾಜನಿಗೆ ತೆರಿಗೆ ಕೊಡಬೇಕಾಗಿಲ್ಲದವನು. ನಮ್ಮ ಶಿಲಾಶಾಸನಗಳಲ್ಲಿ ದತ್ತಿಯ ಭೂಮಿಗೆ ‘ಸರ್ವಬಾಧಾಪರಿಹಾರ’ ಎಂಬ ವಿಶೇಷಣವು ಬರುವದುಂಟು. ಅದರ ಭಾವವೂ ಇದೇ. ರೋಗವೆಂಬ ರಾಜನು ಒಮ್ಮೆ ಕರವನ್ನು ವಸೂಲು ಮಾಡಿಕೊಂಡು ಹೋದ ಮೇಲೆ ಅದೇ ದೇಹದ ಮೇಲೆ ಮತ್ತೆ ಕೈಯಿಡಲಾರನೆಂಬ ಅನುಭವದಿಂದ ಈ ಪದವು ವೈದ್ಯಕ್ಕೆ ಬಂದಿತು. ನಮ್ಮ ಚರಕಸಂಹಿತೆಯಲ್ಲಿ ‘ವ್ಯಾಧಿಕ್ಷಮತ್ವ’ ಎಂಬ ಸುಂದರವಾದ ಪದವಿದೆ. ಎಲ್ಲ ಶರೀರಗಳೂ ವ್ಯಾಧಿಯನ್ನು ಸಮನಾಗಿ ತಡೆಯಲಾರವೆಂಬುದು ಅಲ್ಲಿಯ ಅಭಿಪ್ರಾಯ. ಟೀಕಾಕಾರನಾದ ಚಕ್ರಪಾಣಿಯು ಇದಕ್ಕೆ ಎರಡು ಅರ್ಥಗಳನ್ನು ಹೇಳುವನು: ಬಂದ ವ್ಯಾಧಿಯ ಬಲವನ್ನು ಎದುರಿಸುವದು, ವ್ಯಾಧಿಯು ಹುಟ್ಟದಂತೆಯೇ ಪ್ರತಿಬಂಧಿಸುವದು. ಪ್ರಾಚೀನರು ಆಧುನಿಕ ಲಸಿಕೆಗಳನ್ನು ಅರಿತಿದ್ದರೆಂದು ನಾನು ಹೇಳುವದಿಲ್ಲ. ಪ್ರಶ್ನೆಯನ್ನು ಮಾತ್ರ ಅವರು ಸರಿಯಾಗಿ ಕೇಳಿಕೊಂಡಿದ್ದರು.

ಉತ್ತರವು ದೊರೆತದ್ದು ಕಳೆದ ಎರಡು ಶತಮಾನಗಳಲ್ಲಿ. ನಮ್ಮ ರಕ್ತದಲ್ಲಿ ಬಿಳಿಯ ಕಣಗಳೆಂಬ ಕಾವಲುಗಾರರಿದ್ದಾರೆ. ಅವರಲ್ಲಿ ಕೆಲವರು ಹೊರಗಿನಿಂದ ಬಂದ ಕ್ರಿಮಿಯನ್ನು ಕಂಡಲ್ಲಿಯೇ ನುಂಗುವರು. 1880ರ ದಶಕದಲ್ಲಿ ರಶಿಯದ ಮೆಚ್ನಿಕಾಫನು ಇದನ್ನು ಕಂಡುಹಿಡಿದನು. ಇನ್ನು ಕೆಲವು ಕಣಗಳು ‘ಪ್ರತಿಕಾಯ’ಗಳೆಂಬ ಪದಾರ್ಥವನ್ನು ತಯಾರಿಸಿ ರಕ್ತದಲ್ಲಿ ಬಿಡುವವು. ಒಂದು ಕೀಲಿಗೆ ಒಂದೇ ಕೈ ಒಪ್ಪುವಂತೆ ಒಂದೊಂದು ಪ್ರತಿಕಾಯವು ಒಂದೊಂದು ವಿಷಕ್ಕೆ ಅಥವಾ ಕ್ರಿಮಿಗೆ ಅಂಟಿಕೊಂಡು ಅದನ್ನು ನಿರ್ವೀರ್ಯಗೊಳಿಸುವದು. 1890ರಲ್ಲಿ ಜರ್ಮನಿಯ ಬೇರಿಂಗನೂ ಜಪಾನಿನ ಕಿಟಾಸಾಟೋನೂ ಕೂಡಿ ಇದರ ಇರವನ್ನು ತೋರಿಸಿದರು. 1901ರಲ್ಲಿ ವೈದ್ಯಕ್ಕೆ ಕೊಟ್ಟ ಮೊತ್ತಮೊದಲನೆಯ ನೊಬೆಲ್ ಪಾರಿತೋಷಕವು ಬೇರಿಂಗನಿಗೇ ದೊರೆಯಿತು. ಎಲ್ಲಕ್ಕೂ ಮಿಗಿಲಾದ ಸಂಗತಿಯೆಂದರೆ ಈ ಕಣಗಳಿಗೆ ನೆನಪಿದೆ. ಒಮ್ಮೆ ಕಂಡ ಶತ್ರುವಿನ ಗುರುತನ್ನು ಅವು ವರ್ಷಗಟ್ಟಲೆ ಮರೆಯುವದಿಲ್ಲ. ಶತ್ರುವಿನ ಬರಿಯ ಗುರುತನ್ನು ಮೊದಲೇ ತೋರಿಸಿ ಈ ನೆನಪನ್ನು ಹುಟ್ಟಿಸುವದಕ್ಕೇ ಲಸಿಕೆಯೆಂದು ಹೆಸರು.

ಅರುವತ್ತು ದಾಟಿದ ನಮ್ಮಂಥವರ ತೋಳಿನ ಮೇಲೆ ದೇವಿ ಹಾಕಿಸಿದ ಕಲೆಯು ಇನ್ನೂ ಇದೆ. ನಮ್ಮ ಮಕ್ಕಳ ತೋಳಿನ ಮೇಲೆ ಅದು ಇಲ್ಲ. ಇವೆರಡರ ನಡುವಿನ ಅಂತರದಲ್ಲಿಯೇ ಈ ಶಾಸ್ತ್ರದ ಮಹಿಮೆಯು ಅಡಗಿದೆ. 1796ರಲ್ಲಿ ಇಂಗ್ಲಂಡದ ಜೆನ್ನರನು ಆಕಳ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಆ ಲಸಿಕೆಯು 1802ರ ಜೂನ್ ತಿಂಗಳಲ್ಲಿ ಮುಂಬಯಿಯನ್ನು ಮುಟ್ಟಿತು. ಮೂರು ವರ್ಷದ ಒಂದು ಹೆಣ್ಣುಮಗುವು ಈ ದೇಶದಲ್ಲಿ ಅದನ್ನು ಮೊದಲು ಪಡೆಯಿತು. ಮುಂದೆ ಮುಂಬಯಿಯಲ್ಲಿ ಪ್ಲೇಗು ಹಬ್ಬಿದಾಗ ಹಾಫ್ಕಿನ್ ಎಂಬ ವಿಜ್ಞಾನಿಯು ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಸಿಡುಬು 1975ರಲ್ಲಿ ಭಾರತದಿಂದ ನಿರ್ಮೂಲವಾಯಿತು; 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ನಮ್ಮ ರೈತರ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ದನಗಳ ದೊಡ್ಡರೋಗವೂ 2011ರಲ್ಲಿ ಭೂಮಂಡಲದಿಂದಲೇ ಹೋಯಿತು. ಇವು ಹರಕೆಯಿಂದ ಆದ ಕೆಲಸಗಳಲ್ಲ. ಪ್ರಯೋಗಶಾಲೆಯಲ್ಲಿ ಹಗಲಿರುಳು ಕುಳಿತವರೂ ಹಳ್ಳಿಹಳ್ಳಿಗೆ ಸೂಜಿ ಹಿಡಿದು ನಡೆದವರೂ ಕೂಡಿ ಮಾಡಿದವು.

ಹಾಗಾದರೆ ಕೆಲಸವೆಲ್ಲ ಮುಗಿಯಿತಲ್ಲ, ನಮ್ಮ ಮಕ್ಕಳಿಗೆ ಉಳಿದದ್ದೇನು ಎಂದು ಯಾರಾದರೂ ಕೇಳಬಹುದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದಿಂದ ಭಾರತದಲ್ಲಿ ಮೊದಲನೆಯ ಮರಣವು ಸಂಭವಿಸಿದ್ದು ನಮ್ಮ ಕಲಬುರಗಿ ಜಿಲ್ಲೆಯ ವೃದ್ಧರೊಬ್ಬರದು. ಆ ದಿನಗಳಲ್ಲಿ ಗಂಟಲಿನ ದ್ರವವನ್ನು ಪರೀಕ್ಷಿಸುವದಕ್ಕೆ ಬೆಂಗಳೂರಿಗೆ ಕಳುಹಿಸಿ ಉತ್ತರಕ್ಕಾಗಿ ಕಾದುಕೊಂಡಿರಬೇಕಾಗಿತ್ತು. ಕಲಬುರಗಿಯಲ್ಲಿಯೇ ಪರೀಕ್ಷೆಯ ಏರ್ಪಾಡು ಆದದ್ದು ಆ ಮೇಲೆ. ಯಂತ್ರವನ್ನು ಹಣ ಕೊಟ್ಟು ತರಬಹುದು. ಅದರ ಮುಂದೆ ಕುಳಿತುಕೊಳ್ಳುವ ಬಲ್ಲವರನ್ನು ಹಾಗೆ ತರಲಿಕ್ಕಾಗುವದಿಲ್ಲ. ಅವರನ್ನು ಹತ್ತು ವರ್ಷ ಮೊದಲೇ ಓದಿಸಿ ಸಿದ್ಧಪಡಿಸಿರಬೇಕು.

ಇನ್ನೊಂದು ಉದಾಹರಣೆಯನ್ನು ನೋಡಿರಿ. ನಮ್ಮ ತೊಗರಿಯ ಹೊಲಗಳಲ್ಲಿ ಹಾವು ಕಡಿಯುವದು ಹೊಸ ಮಾತಲ್ಲ. ಅದಕ್ಕೆ ಕೊಡುವ ಔಷಧವೂ ಈ ಶಾಸ್ತ್ರದ ಫಲವೇ. ಕುದುರೆಗೆ ಹಾವಿನ ವಿಷವನ್ನು ಅಲ್ಪಪ್ರಮಾಣದಲ್ಲಿ ಮತ್ತೆ ಮತ್ತೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ತೆಗೆದು ಶುದ್ಧಪಡಿಸಿ ಸೀಸೆಯಲ್ಲಿ ತುಂಬುವರು. ಭಾರತದಲ್ಲಿ ಇದನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುವರು. ಆ ವಿಷದ ಬಹುಪಾಲು ಬರುವದು ತಮಿಳುನಾಡಿನ ಇರುಳರ ಸಹಕಾರಿ ಸಂಘದಿಂದ. ಆದರೆ ಒಂದೇ ಜಾತಿಯ ಹಾವಿನ ವಿಷವು ಸೀಮೆಯಿಂದ ಸೀಮೆಗೆ ಬೇರೆಯಾಗಿರುವದರಿಂದ ಒಂದು ಕಡೆಯ ಔಷಧವು ಇನ್ನೊಂದು ಕಡೆ ಅಷ್ಟೇ ಬಲವಾಗಿ ಕೆಲಸ ಮಾಡದಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಪ್ರಯೋಗಶಾಲೆಯು ಇದನ್ನೇ ಶೋಧಿಸುತ್ತಿದೆ. ಕುದುರೆಯ ಸಹಾಯವಿಲ್ಲದೆ ಪ್ರಯೋಗಶಾಲೆಯಲ್ಲಿಯೇ ರಚಿಸಿದ ಒಂದು ಪ್ರತಿಕಾಯವನ್ನು ಅವರೂ ಅಮೇರಿಕೆಯ ಸ್ಕ್ರಿಪ್ಸ್ ಸಂಸ್ಥೆಯವರೂ ಕೂಡಿ 2024ರಲ್ಲಿ ಪ್ರಕಟಿಸಿದರು. 2030ರ ಹೊತ್ತಿಗೆ ಹಾವು ಕಡಿತದ ಮರಣಗಳನ್ನು ಅರ್ಧಕ್ಕೆ ಇಳಿಸಬೇಕೆಂದು ಕೇಂದ್ರಸರಕಾರವೂ ಅದೇ ವರ್ಷ ಸಂಕಲ್ಪಮಾಡಿತು. ನಮ್ಮ ಹೊಲದ ಹಾವಿನ ವಿಷವನ್ನು ಬಲ್ಲ ಸಂಶೋಧಕನು ನಮ್ಮ ಹೊಲದಿಂದಲೇ ಏಕೆ ಬರಬಾರದು?

ಕ್ಷಯದ ಮಾತೂ ಹೀಗೆಯೇ. ಕೂಸು ಹುಟ್ಟಿದೊಡನೆ ಚುಚ್ಚುವ ಬಿ.ಸಿ.ಜಿ. ಲಸಿಕೆಯು 1921ರಷ್ಟು ಹಿಂದಿನದು. ಅದು ಎಳೆಯ ಮಕ್ಕಳನ್ನು ಘೋರವಾದ ಕ್ಷಯದಿಂದ ಕಾಯುವದು. ದೊಡ್ಡವರ ಪುಪ್ಪುಸದ ಕ್ಷಯವನ್ನು ತಡೆಯಲು ಅದಕ್ಕೆ ಬಲ ಸಾಲದು. ಜಗತ್ತಿನಲ್ಲಿ ಕ್ಷಯರೋಗಿಗಳು ಎಲ್ಲರಿಗಿಂತ ಹೆಚ್ಚಾಗಿರುವದು ನಮ್ಮ ದೇಶದಲ್ಲಿಯೇ. 1957ರಲ್ಲಿ ಶಿವಮೊಗ್ಗೆ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಕಂಡುಬಂದ ಮಂಗನ ಕಾಯಿಲೆಗೆ ಇದ್ದ ಹಳೆಯ ಲಸಿಕೆಯು ಸಾಲದೆಂದು ತೋರಿ ಹೊಸದಕ್ಕಾಗಿ ಪ್ರಯತ್ನವು ನಡೆದಿದೆ. ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿದಂತೆ ದೇಹದ ರಕ್ಷಕಕಣಗಳು ದೇಹವನ್ನೇ ಹೊಡೆಯುವ ಸಂಧಿವಾತ ಮೊದಲಾದ ರೋಗಗಳೂ ಇವೆ. ಆ ಕಣಗಳನ್ನು ಹದ್ದಿನಲ್ಲಿಡುವ ಬೇರೆ ಕಣಗಳನ್ನು ಕಂಡುಹಿಡಿದುದಕ್ಕಾಗಿಯೇ 2025ರ ನೊಬೆಲ್ ಪಾರಿತೋಷಕವನ್ನು ಜಪಾನಿನ ಸಾಕಾಗುಚಿಯವರಿಗೂ ಅಮೇರಿಕೆಯ ಬ್ರಂಕೋ ಮತ್ತು ರ್‍ಯಾಮ್ಸ್‌ಡೆಲ್ ಅವರಿಗೂ ಕೊಟ್ಟರು. ಕೆಲಸವು ಮುಗಿಯಿತೆಂಬ ಮಾತು ಈ ಶಾಸ್ತ್ರದಲ್ಲಿ ಹತ್ತಿರಕ್ಕೂ ಬಂದಿಲ್ಲ.

ಇನ್ನು ದಾರಿಯ ವಿಚಾರ. ಪಿ.ಯು.ಸಿ.ಯಲ್ಲಿ ಭೌತ, ರಸಾಯನ ಮತ್ತು ಜೀವಶಾಸ್ತ್ರಗಳನ್ನು ಓದಿರಬೇಕು. ಗಣಿತವೂ ಇದ್ದರೆ ಲೇಸು. ಆ ಮೇಲೆ ಬಿ.ಎಸ್ಸಿ. ಪದವಿಯನ್ನು ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನ, ಪ್ರಾಣಿಶಾಸ್ತ್ರ ಅಥವಾ ಜೈವಿಕತಂತ್ರಜ್ಞಾನದಲ್ಲಿ ಪಡೆಯಬೇಕು. ಇಷ್ಟು ತಾಲೂಕು ಇಲ್ಲವೆ ಜಿಲ್ಲಾಸ್ಥಳದ ಕಾಲೇಜಿನಲ್ಲಿಯೇ ಸಾಧ್ಯ. ಎಂ.ಎಸ್ಸಿ.ಗೆ 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ನಮ್ಮ ನೆರೆಯ ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದೇಶದ ಮೂಲೆಮೂಲೆಗಳಿಂದ ಮಕ್ಕಳು ಅಲ್ಲಿಗೆ ಓದಲು ಬರುವರು. ಅದರ ಹೆಬ್ಬಾಗಿಲು ನಮಗೆ ಬಸ್ಸಿನ ದಾರಿಯಲ್ಲಿದ್ದರೂ ನಮ್ಮ ಎಷ್ಟೋ ಹಳ್ಳಿಗರಿಗೆ ಒಳಗೆ ಏನು ಕಲಿಸುವರೆಂಬುದು ತಿಳಿಯದು. ಅಲ್ಲಿಯ ಪ್ರವೇಶಕ್ಕೆ ಸಿ.ಯು.ಇ.ಟಿ. ಎಂಬ ಅಖಿಲಭಾರತ ಪರೀಕ್ಷೆಯನ್ನು ಬರೆಯಬೇಕು.

ಎಂ.ಎಸ್ಸಿ.ಯಾದ ಮೇಲೆ ಸಂಶೋಧನೆಗೆ ಹೋಗಬಯಸುವವರು ಸಿ.ಎಸ್.ಐ.ಆರ್.-ನೆಟ್ ಪರೀಕ್ಷೆಯಲ್ಲಿ ಜೀವವಿಜ್ಞಾನದ ವಿಷಯವನ್ನು ಆರಿಸಿಕೊಂಡು ಕಿರಿಯ ಸಂಶೋಧಕವೇತನಕ್ಕೆ ಅರ್ಹರಾಗಬೇಕು. ಗೃಹಸ್ಥರು ಈ ಮಾತನ್ನು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು: ಈ ಪರೀಕ್ಷೆಯಲ್ಲಿ ಗೆದ್ದ ಮೇಲೆ ಓದಿಗೆ ಮನೆಯ ಹಣವು ಬೇಕಾಗುವದಿಲ್ಲ; ಸರಕಾರವೇ ವಿದ್ಯಾರ್ಥಿಗೆ ಹಣ ಕೊಡುವದು. 2023ರಲ್ಲಿ ನಿಶ್ಚಯವಾದ ಪ್ರಕಾರ ಮೊದಲಿನ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ 42,000 ರೂಪಾಯಿ. ಇದಲ್ಲದೆ ಮನೆಬಾಡಿಗೆಯ ಭತ್ಯೆಯೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಜೈವಿಕತಂತ್ರಜ್ಞಾನ ಇಲಾಖೆಯೂ ಇಂಥವೇ ವೇತನಗಳಿಗೆ ಬೇರೆ ಪರೀಕ್ಷೆಗಳನ್ನು ನಡೆಸುತ್ತ ಬಂದಿವೆ. ಹೀಗೆ ಗೆದ್ದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಪುಣೆಯ ರಾಷ್ಟ್ರೀಯ ವಿಷಾಣುವಿಜ್ಞಾನ ಸಂಸ್ಥೆ, 1981ರಲ್ಲಿ ದಿಲ್ಲಿಯಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿರಕ್ಷಾವಿಜ್ಞಾನ ಸಂಸ್ಥೆ ಮೊದಲಾದವುಗಳ ಬಾಗಿಲುಗಳು ತೆರೆಯುವವು. ದಿಲ್ಲಿಯ ಸಂಸ್ಥೆಯ ಮೊದಲನೆಯ ನಿರ್ದೇಶಕರಾದ ಜಿ. ಪಿ. ತಲ್ವಾರರು ಕುಷ್ಠರೋಗದ ಲಸಿಕೆಗಾಗಿ ಮಾಡಿದ ಕೆಲಸವು ಪ್ರಸಿದ್ಧವಾದುದು.

ಎಲ್ಲರೂ ಸಂಶೋಧಕರಾಗಬೇಕೆಂದಿಲ್ಲ. ನಮ್ಮ ಸೀಮೆಯು ಎರಡು ದೊಡ್ಡ ಲಸಿಕಾನಗರಗಳ ನಡುವೆ ಇದೆಯೆಂಬುದನ್ನು ನಾವು ಗಮನಿಸಿಲ್ಲ. ಪಡುವಣಕ್ಕೆ ಪುಣೆಯಲ್ಲಿ 1966ರಿಂದ ಸೀರಮ್ ಸಂಸ್ಥೆಯಿದೆ. ಮೂಡಣಕ್ಕೆ ಹೈದರಾಬಾದಿನಲ್ಲಿ ಭಾರತ್ ಬಯೋಟೆಕ್, ಬಯೋಲಾಜಿಕಲ್ ಇ, ಇಂಡಿಯನ್ ಇಮ್ಯುನಾಲಜಿಕಲ್ಸ್ ಇವೆ. 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಹಾಕಲಾರಂಭಿಸಿದಾಗ ಬಳಸಿದ ಎರಡು ಲಸಿಕೆಗಳಲ್ಲಿ ಒಂದು ಪುಣೆಯದು, ಇನ್ನೊಂದು ಹೈದರಾಬಾದಿನದು. ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೇಲೆ ಹಾದುಹೋಗುವ ರೈಲಿನಲ್ಲಿ ನಮ್ಮ ಜನ ಈ ನಗರಗಳಿಗೆ ಕಲ್ಲುಮಣ್ಣು ಹೊರಲು ಗುಳೆ ಹೋಗುವರು. ಅದೇ ರೈಲಿನಲ್ಲಿ ಅವರ ಮಕ್ಕಳು ಲಸಿಕೆಯ ಗುಣಪರೀಕ್ಷಕರಾಗಿ ಹೋಗಬಹುದು. ಬಿ.ಎಸ್ಸಿ., ಎಂ.ಎಸ್ಸಿ. ಓದಿದವರು ಇಂಥ ಕಾರಖಾನೆಗಳಲ್ಲಿ ತಯಾರಿಕೆ ಮತ್ತು ಗುಣಪರೀಕ್ಷೆಯ ಕೆಲಸಗಳಿಗೆ ಬೇಕಾಗುವರು. ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನವನ್ನು ಓದಿದವರು ಆಸ್ಪತ್ರೆ ಮತ್ತು ರಕ್ತನಿಧಿಗಳಲ್ಲಿ ಸೇರಬಹುದು. ಪಶುವೈದ್ಯವನ್ನು ಬಯಸುವವರಿಗೆ ಬೀದರಿನಲ್ಲಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ದನಗಳ ಲಸಿಕೆಗಳನ್ನು ಬೆಂಗಳೂರಿನ ಹೆಬ್ಬಾಳದ ಸರಕಾರೀ ಸಂಸ್ಥೆಯಲ್ಲಿ ತಯಾರಿಸುವರು.

ಗುಣಗಳನ್ನು ಹೇಳಿ ದೋಷಗಳನ್ನು ಮುಚ್ಚಿಡುವದು ಉಪಾಧ್ಯಾಯನ ಧರ್ಮವಲ್ಲ. ಈ ದಾರಿಯು ದೀರ್ಘವಾದುದು. ಎಂ.ಎಸ್ಸಿ.ಯ ಮೇಲೆ ಪಿಎಚ್.ಡಿ.ಗೆ ಐದಾರು ವರ್ಷಗಳು ಬೇಕು. ಆ ಮೇಲೂ ಕೆಲವು ವರ್ಷ ತಾತ್ಕಾಲಿಕ ಹುದ್ದೆಗಳಲ್ಲಿ ದುಡಿಯಬೇಕಾಗುವದು. ಸ್ಥಿರವಾದ ಉದ್ಯೋಗಗಳು ಕಡಿಮೆ, ಬಯಸುವವರು ಬಹಳ. ಸಂಶೋಧಕವೇತನವು ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ ಬರುವದೆಂಬ ದೂರೂ ಉಂಟು. ಇಪ್ಪತ್ತೆರಡಕ್ಕೇ ಗಳಿಸಿ ತಂದುಹಾಕಬೇಕಾದ ಮನೆಯ ಮಗನಿಗೆ ಪ್ರಯೋಗಶಾಲಾ ತಂತ್ರಜ್ಞಾನದ ಹ್ರಸ್ವವಾದ ದಾರಿಯೇ ಯುಕ್ತ. ‘ಬಯೋಟೆಕ್’ ಎಂಬ ಹೆಸರು ಹಲಗೆಯ ಮೇಲೆ ಕಂಡ ಮಾತ್ರಕ್ಕೆ ಲಕ್ಷಗಟ್ಟಲೆ ಹಣ ಕೊಟ್ಟು ಸೇರಿಸಲೂ ಬಾರದು. ಅಲ್ಲಿ ಪ್ರಯೋಗಶಾಲೆ ಇದೆಯೇ, ಮಕ್ಕಳು ತಮ್ಮ ಕೈಯಿಂದ ಪ್ರಯೋಗ ಮಾಡುವರೇ, ಹಿಂದಿನ ವರ್ಷ ಹೊರಬಿದ್ದವರು ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಯೇ ಮುಂದುವರಿಯಬೇಕು. ಪಾಠವು ಇಂಗ್ಲೀಷಿನಲ್ಲಿ ನಡೆಯುವದರಿಂದ ಕನ್ನಡ ಶಾಲೆಯ ಮಕ್ಕಳು ಮೊದಲ ವರ್ಷ ತಡವರಿಸುವರು. ಅದನ್ನು ಬುದ್ಧಿಮಾಂದ್ಯವೆಂದು ಎಣಿಸಬಾರದು. ಪದಗಳು ಹೊಸವು, ವಿಷಯವು ಅವರ ಮೈಯೊಳಗಿನದೇ.

ನಮ್ಮ ಸೀಮೆಯವರಿಗೆ ಒಂದು ಅನುಕೂಲವೂ ಇದೆ. ಸಂವಿಧಾನದ 371ನೆಯ ಅನುಚ್ಛೇದಕ್ಕೆ 2012ರ ತಿದ್ದುಪಡಿಯಿಂದ ಸೇರಿದ ‘ಜೆ’ ಭಾಗದ ಮೇರೆಗೆ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳು ಇಲ್ಲಿಯವರಿಗೆ ಮೀಸಲಾಗಿವೆ. ಇದು ರಾಜ್ಯದ ಸಂಸ್ಥೆಗಳಿಗೆ ಅನ್ವಯಿಸುವದು, ಕೇಂದ್ರದವುಗಳಿಗಲ್ಲ. ಇದಕ್ಕೆ ಬೇಕಾದ ಅರ್ಹತಾಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪ್ರವೇಶದ ಗಡಿಬಿಡಿಗೆ ಮೊದಲೇ ತೆಗೆಸಿಟ್ಟುಕೊಳ್ಳುವದು ಜಾಣತನ.

ಕೊನೆಯದಾಗಿ ಹೆಣ್ಣುಮಕ್ಕಳ ಮಾತು. ಮದುವೆಯ ವಯಸ್ಸು ಮೀರುವದೆಂದು ಎಂ.ಎಸ್ಸಿ.ಗೇ ಅವರ ಓದನ್ನು ನಿಲ್ಲಿಸುವ ಮನೆಗಳು ನಮ್ಮಲ್ಲಿ ಇನ್ನೂ ಬಹಳ. ಕೋವಿಡ್ ಲಸಿಕೆಗೆ ತಳಹದಿಯಾದ ಶೋಧಕ್ಕಾಗಿ 2023ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾಟಲಿನ್ ಕಾರಿಕೋ ಅವರು ಹಂಗೇರಿಯ ಸಣ್ಣ ಊರೊಂದರಲ್ಲಿ ಬೆಳೆದ ಕಟುಕನ ಮಗಳು. ಮದುವೆಯಾಗಿ, ಒಂದು ಹೆಣ್ಣುಮಗುವಿನ ತಾಯಿಯಾಗಿ, ಹುದ್ದೆಯಲ್ಲಿ ಹಿಂಬಡ್ತಿಯನ್ನೂ ಸಹಿಸಿ ಕೆಲಸವನ್ನು ಬಿಡದವರು. ನಮ್ಮ ಮನೆಯ ಹುಡುಗಿಗೆ ಅಂಥ ಪಾರಿತೋಷಕವು ಬರಬೇಕಾಗಿಲ್ಲ. ಮುಂದೊಮ್ಮೆ ಹೊಸ ರೋಗವೊಂದು ಜಿಲ್ಲೆಯ ಗಡಿಯನ್ನು ದಾಟಿ ಬಂದಾಗ ಅದರ ಗುರುತನ್ನು ಕಲಬುರಗಿಯಲ್ಲಿಯೇ, ಒಂದು ದಿನವೂ ಕಾಯದೆ, ಹಿಡಿದು ತೋರಿಸುವಷ್ಟು ಅವಳು ಕಲಿತಿದ್ದರೆ ಸಾಕು. ಈ ವರ್ಷ ಪಿ.ಯು.ಸಿ. ಮುಗಿಸುವ ಮಗುವುಳ್ಳ ಪ್ರತಿಯೊಬ್ಬ ಗೃಹಸ್ಥನೂ ನೀಟ್ ಫಲಿತಾಂಶದ ದಾರಿಯನ್ನು ಕಾಯುವದರ ಜೊತೆಗೆ, ಒಂದು ದಿನ ಬಿಡುವು ಮಾಡಿಕೊಂಡು, ಆ ಮಗುವನ್ನು ಕರೆದುಕೊಂಡು ಕಡಗಂಚಿಯವರೆಗೆ ಹೋಗಿ ಬರಲಿ.