ಹಿಮಗಟ್ಟಿದ ಕವಾಟ: ಕಾರಣ ಮತ್ತು ಪರಿಹಾರ

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ರೈತಾಪಿ ಜನರಿಗೆ ಬೇಸಾಯದೊಡನೆ ಹೈನುಗಾರಿಕೆಯೂ ಜೀವನಾಧಾರವಾಗಿದೆ. ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿರುವುದು ಸರ್ವವಿದಿತ. ಆದರೆ ಹಾಲು ಕೊಡುವ ಮಿಶ್ರತಳಿಯ ಹಸುವಿನ ಹಿಂದೆ ದ್ರವ ಸಾರಜನಕವೆಂಬ ಅತಿಶೀತಲ ವಸ್ತುವಿನ ಸೇವೆಯಿದೆಯೆಂಬುದನ್ನು ಬಲ್ಲವರು ವಿರಳ. 1969ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರವು ಆರಂಭವಾಯಿತು. ಇಂತಹ ಕೇಂದ್ರಗಳಿಂದ ಹಳ್ಳಿಯ ಪಶು ಚಿಕಿತ್ಸಾಲಯದವರೆಗೆ ವೀರ್ಯವನ್ನು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಈ ದ್ರವದಲ್ಲಿಯೇ ಕಾಪಾಡಬೇಕು. ಒಮ್ಮೆ ಕರಗಿ ಕೆಟ್ಟ ವೀರ್ಯವನ್ನು ಮತ್ತೆ ಹೆಪ್ಪುಗಟ್ಟಿಸಿದರೂ ಅದರ ಸತ್ತ್ವ ಮರಳದು. ಬೆದೆಗೆ ಬಂದ ಹಸುವಿಗೆ ಅಂದು ಗರ್ಭ ಕಟ್ಟದಿದ್ದರೆ ರೈತನು ಮತ್ತೆ ಸುಮಾರು 21 ದಿನ ಕಾಯಬೇಕಾಗುತ್ತದೆ.

ಈ ದ್ರವವನ್ನು ದೊಡ್ಡ ತೊಟ್ಟಿಯಿಂದ ಸಣ್ಣ ಜಾಡಿಗೆ ಇಳಿಸುವಾಗ ಕವಾಟವು, ಎಂದರೆ ವಾಲ್ವು, ಹಿಮಗಟ್ಟಿ ತಿರುಗದೆ ನಿಲ್ಲುವುದುಂಟು. ಇದಕ್ಕೆ ಸಾರಜನಕವು ಗಟ್ಟಿಯಾಗುವುದೇ ಕಾರಣವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ, ಅಲ್ಲಿ ಹೆಪ್ಪುಗಟ್ಟುವುದು ಗಾಳಿಯಲ್ಲಿನ ನೀರಾವಿ. ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾನೆ ನಾಲೆ, ಗದ್ದೆಗಳ ಮೇಲೆ ಮಂಜು ಕವಿದಾಗ ಗಾಳಿಯಲ್ಲಿ ತೇವ ಹೆಚ್ಚು. ಕೂಡಿದ ಹಿಮವನ್ನು ಕರಗಿಸುವ ಬಿಸುಪು ಮಾತ್ರ ಕಡಿಮೆ. ಆದುದರಿಂದಲೇ ಚಳಿಗಾಲದಲ್ಲಿ ಈ ತೊಡಕು ಬಹುಕಾಲ ನಿಲ್ಲುತ್ತದೆ.

ದೋಷವನ್ನು ಲಕ್ಷಣದಿಂದ ಅರಿಯಬೇಕು. ಹಿಡಿಯೇ ತಿರುಗದಿದ್ದರೆ ಅದರ ದಂಡದ ಸುತ್ತ ಹಿಮ ಕಟ್ಟಿದೆಯೆಂದು ಊಹಿಸಬಹುದು. ಮುಚ್ಚಿದ ಮೇಲೂ ಬುಸುಗುಟ್ಟುವ ಸದ್ದು ಕೇಳಿಸಿದರೆ ಕವಾಟದ ಪೀಠದ ಮೇಲೆ ಹಿಮದ ಹರಳು ಕುಳಿತಿರುವ ಸಂಭವವಿದೆ. ಹಿಡಿ ತಿರುಗಿಯೂ ದ್ರವ ಹರಿಯದಿದ್ದರೆ ಕೊಳವೆಯ ಒಳಗೇ ತಡೆಯುಂಟಾಗಿರಬಹುದು. ಇದು ಹೆಚ್ಚಿನ ಅಪಾಯದ ಸ್ಥಿತಿ. ಏಕೆಂದರೆ ಒಂದು ಲೀಟರ್ ದ್ರವ ಸಾರಜನಕವು ಆವಿಯಾದಾಗ ಸುಮಾರು 690 ಲೀಟರ್ ಅನಿಲವಾಗುತ್ತದೆ. ಎರಡು ತಡೆಗಳ ನಡುವೆ ಸಿಕ್ಕಿದ ದ್ರವಕ್ಕೆ ಹೊರದಾರಿಯಿಲ್ಲದಿದ್ದರೆ ಅದು ಕೊಳವೆಯನ್ನೇ ಸೀಳೀತು. ಆ ಹೊರದಾರಿಯೇ ಒತ್ತಡ ಬಿಡುವ ಸುರಕ್ಷಾ ಕವಾಟ. ಅದರ ಬಾಯಿಗೆ ಹಿಮವಾಗಲಿ ನೀರಾಗಲಿ ಸೇರಕೂಡದು.

ಪರಿಹಾರದಲ್ಲಿ ಬಲಪ್ರಯೋಗ ಸಲ್ಲದು. ಸುತ್ತಿಗೆಯ ಪೆಟ್ಟು, ಉದ್ದದ ಸ್ಪ್ಯಾನರಿನ ಒತ್ತು, ಬೆಂಕಿಯ ಜ್ವಾಲೆ ಈ ಮೂರೂ ವರ್ಜ್ಯ. ಮೊದಲು ಒತ್ತಡಮಾಪಕವನ್ನು ನೋಡಬೇಕು; ಒತ್ತಡ ಏರುತ್ತಿದ್ದರೆ ದೂರ ಸರಿದು ಬಲ್ಲವರನ್ನು ಕರೆಯಬೇಕು. ಏರದಿದ್ದರೆ ಮೇಲಿನ ಸರಬರಾಜನ್ನು ನಿಲ್ಲಿಸಿ, ಕವಾಟದ ಹೊರಮೈಗೆ ಒಣಗಿದ ಬೆಚ್ಚನೆಯ ಗಾಳಿಯನ್ನೋ ಉಗುರುಬೆಚ್ಚಗಿನ ನೀರನ್ನೋ ತಾಗಿಸಿ ನಿಧಾನವಾಗಿ ಕರಗಿಸಬೇಕು. ಬಳಿಕ ತೇವವನ್ನು ಪೂರ್ಣ ಒರೆಸದಿದ್ದರೆ ಅದೇ ನೀರು ಮತ್ತೆ ಹಿಮವಾಗುತ್ತದೆ. ಕೋಣೆಯ ಕಿಟಕಿ ಬಾಗಿಲುಗಳು ತೆರೆದಿರಲಿ. ವಾಸನೆಯಿಲ್ಲದ ಸಾರಜನಕವು ಉಸಿರಾಡುವ ಗಾಳಿಯನ್ನು ಸದ್ದಿಲ್ಲದೆ ಹೊರದೂಡುತ್ತದೆ.

ಇನ್ನು ಮುನ್ನೆಚ್ಚರಿಕೆ. ಬಳಸದಿರುವಾಗ ಕೊಳವೆಯ ಬಾಯಿಗೆ ಮುಚ್ಚಳವಿರಬೇಕು. ತುಂಬುವ ಮೊದಲು ಒಣ ಅನಿಲವನ್ನು ಹಾಯಿಸಿ ತೇವವನ್ನು ಹೊರಗಟ್ಟಬೇಕು. ಕವಾಟವನ್ನು ಪೂರ್ಣ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಲೋಹ ಕುಗ್ಗಿದಾಗ ಅದು ಬಿಗಿಯದು. ಹಳ್ಳಿಯ ಸಣ್ಣ ಜಾಡಿಗೆ ಕವಾಟವಿಲ್ಲ, ಸಡಿಲವಾದ ಬಿರಡೆಯಷ್ಟೇ ಇದೆ. ಆವಿ ಹೊರಹೋಗಲೆಂದೇ ಅದು ಸಡಿಲವಾಗಿದೆ. ಅದನ್ನು ಬಿಗಿಯಾಗಿ ಮುಚ್ಚುವುದೂ, ಕಂಠದಲ್ಲಿ ಹಿಮ ಬೆಳೆಯಗೊಡುವುದೂ ಅನರ್ಥಕ್ಕೆ ಮೂಲ.

ಕವಾಟದ ಸಣ್ಣ ದೋಷವು ಎಷ್ಟು ದೊಡ್ಡ ಹಾನಿಯನ್ನು ತರಬಲ್ಲದೆಂಬುದಕ್ಕೆ ಬೇರೊಂದು ಕ್ಷೇತ್ರದ ನಿದರ್ಶನವಿದೆ. 2021ರ ಆಗಸ್ಟ್ 12ರಂದು ಶ್ರೀಹರಿಕೋಟದಿಂದ ಹಾರಿದ ಜಿ.ಎಸ್.ಎಲ್.ವಿ.-ಎಫ್10 ರಾಕೆಟ್ಟು ಉಪಗ್ರಹವನ್ನು ಕಕ್ಷೆಗೆ ಸೇರಿಸಲಾರದೆ ಹೋಯಿತು. ದ್ರವ ಜಲಜನಕದ ತೊಟ್ಟಿಯ ಒತ್ತಡ ಬಿಡುವ ಕವಾಟದಲ್ಲಿ ಸೋರಿಕೆಯಾಗಿ, ಎಂಜಿನ್ ಹೊತ್ತುವ ವೇಳೆಗೆ ಅಗತ್ಯದಷ್ಟು ಒತ್ತಡವಿರಲಿಲ್ಲವೆಂದು ತಜ್ಞರ ಸಮಿತಿಯು ನಿರ್ಣಯಿಸಿತು. ರಾಕೆಟ್ಟಿನ ತೊಟ್ಟಿಗೂ ಹಳ್ಳಿಯ ಜಾಡಿಗೂ ಗಾತ್ರದಲ್ಲಿ ಅಜಗಜಾಂತರವಿದ್ದರೂ ಎರಡಕ್ಕೂ ಅನ್ವಯಿಸುವ ಭೌತನಿಯಮ ಒಂದೇ. ಆವಿ, ಹಿಮ, ಒತ್ತಡಗಳ ಪಾಠವನ್ನು ಶಾಲೆಯಲ್ಲಿ ಕಲಿಸುವಾಗ ಉಪಾಧ್ಯಾಯರು ಈ ಜಾಡಿಯನ್ನೊಮ್ಮೆ ನೆನೆದರೆ, ನಾಳೆ ಅದರ ಮುಂದೆ ನಿಲ್ಲುವ ಹಳ್ಳಿಯ ಮಗನು ಸುತ್ತಿಗೆಯನ್ನು ಎತ್ತಲಾರನು.